ಫಾರೆಸ್ಟರ್ ಪಾಸ್ ಒಬ್ಳೇ ದಾಟೋ ದಿನ: ತೀರ್ಮಾನ ಎಲ್ಲ ಹಿಂದಿನ ರಾತ್ರಿನೇ ಮಾಡ್ಕೊಳ್ಳಿ

ಪ್ರಶ್ನೆ: ಸರ್, ನಾವಿರೋದು ಸ್ಯಾನ್ ಹೊಸೆಯಲ್ಲಿ, ಊರು ದಾವಣಗೆರೆ. ಊರಲ್ಲಿದ್ದಾಗ ಕುಮಾರ ಪರ್ವತ, ಕುದುರೆಮುಖ ಹತ್ತಿದೀನಿ, ಇಲ್ಲಿಗೆ ಬಂದ್ಮೇಲೆ ಹಾಫ್ ಡೋಮ್ ಮಾಡಿದೀನಿ. ಜುಲೈ ಕೊನೇಲಿ ಇಲ್ಲಿನ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಆನಿಯನ್ ವ್ಯಾಲಿಯಿಂದ ಹೊರಟು ಜಾನ್ ಮ್ಯೂರ್ ಟ್ರೇಲ್ ಹಿಡಿದು ವಿಟ್ನಿ ಪೋರ್ಟಲ್‌ವರೆಗೆ ಐದು ದಿನ ಒಬ್ಳೇ ನಡೀಬೇಕು ಅಂತಿದೆ, ಪರ್ಮಿಟ್ ಸಿಕ್ಕಿದೆ. ಎರಡನೇ ದಿನ ಫಾರೆಸ್ಟರ್ ಪಾಸ್ ಅನ್ನೋ ಎತ್ತರದ ಬೆಟ್ಟದ ದಾರಿ ದಾಟಬೇಕು, ಅದೊಂದೇ ಭಯ. ಆ ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಹೇಗಿರತ್ತೆ, ನಾನು ಎಲ್ಲಿ ತಪ್ಪು ಮಾಡೋ ಚಾನ್ಸ್ ಜಾಸ್ತಿ ಹೇಳ್ತೀರಾ? ಮನೆಯವ್ರು ಓಕೆ ಅಂದಿದಾರೆ, ಅತ್ತೆ ಮಾತ್ರ ಒಬ್ಳೇ ಯಾಕೆ ಅಂತ ದಿನಾ ಕೇಳ್ತಿದಾರೆ.

ಉತ್ತರ:

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. ಫಾರೆಸ್ಟರ್ ನಾನು ನಾಕು ಸಲ ದಾಟಿದೀನಿ, ಮೂರು ಸಲ ಒಬ್ನೇ. ಮೊದಲ್ನೇ ಸಲ ಒಬ್ನೇ ಹೋದಾಗ, ಪಾಸ್ ಹತ್ತೋಕೆ ಮುಂಚಿನ ರಾತ್ರಿ ಟೆಂಟ್ ಹಾಕೋ ವಿಡೆಟ್ ಮೆಡೋದಲ್ಲಿ ಬೆಳಿಗ್ಗೆ ಆರಾಮಾಗಿ ಎದ್ದು, ಎರಡು ಸಲ ಕಾಫಿ ಮಾಡ್ಕೊಂಡು, ಈಸ್ಟ್ ವಿಡೆಟ್ ಶಿಖರದ ಮೇಲೆ ಬಿಸಿಲು ಬೀಳೋದನ್ನ ಇಪ್ಪತ್ತು ಫೋಟೋ ತೆಗೆದು, ಹೊರಟಾಗ ಎಂಟೂಮುಕ್ಕಾಲು. ಪಾಸ್ ಮೇಲೆ ನಿಂತಾಗ ಮಧ್ಯಾಹ್ನ ಎರಡೂವರೆ ದಾಟಿತ್ತು, ಹಿಂದೆ ಆಕಾಶ ಕಪ್ಪಗಾಗಿ ಗುಡುಗ್ತಿತ್ತು, ಆಲಿಕಲ್ಲು ಶುರುವಾಯ್ತು, ಇಳಿಯೋ ದಾರಿ ತುಂಬ ಬಿಳೀ ಗೋಲಿ ಚೆಲ್ಲಿದ ಹಾಗೆ. ಏನೂ ಆಗ್ಲಿಲ್ಲ, ಬದುಕಿ ಬಂದೆ, ಆದ್ರೆ ಅದು ನನ್ನ ಜಾಣತನದಿಂದ ಅಲ್ಲ. ಆಮೇಲೆ ಕೂತು ಯೋಚ್ನೆ ಮಾಡಿದಾಗ ಗೊತ್ತಾಗಿದ್ದು, ಅವತ್ತು ಹತ್ತೂವರೆಗೇ ನನಗೆ ಅನ್ನಿಸಿತ್ತು ಲೇಟಾಯ್ತು ಅಂತ, ಹನ್ನೊಂದೂವರೆಗೆ ಮೋಡ ನೋಡಿ ಮತ್ತೆ ಅನ್ನಿಸಿತ್ತು, ಎರಡು ಸಲವೂ ನಾನೇ ನನಗೆ ‘ಇನ್ನೇನು ಬಂದೇಬಿಡ್ತು’ ಅಂತ ಹೇಳ್ಕೊಂಡೆ. ಜೊತೆಗೆ ಇನ್ನೊಬ್ರು ಇದ್ದಿದ್ರೆ ‘ಏಯ್ ಸುಮ್ನಿರೋ, ವಾಪಸ್ ಹೋಗೋಣ’ ಅಂತ ಒಂದು ಮಾತಾದ್ರೂ ಬರ್ತಿತ್ತು.

ಒಬ್ರೇ ನಡಿಯೋದ್ರಲ್ಲಿ ಇರೋ ನಿಜವಾದ ತೊಂದರೆ ಇದು. ಕರಡಿಯಲ್ಲ, ಕಳ್ಳರಲ್ಲ, ದಾರಿ ತಪ್ಪೋದೂ ಅಲ್ಲ, ದಾರಿ ಅಲ್ಲಿ ಚೆನ್ನಾಗೇ ಇದೆ. 3,500 ಮೀಟರ್ ಮೇಲೆ, ಸುಸ್ತಾಗಿ, ಗಾಳಿ ಕಮ್ಮಿಯಾಗಿ, ಅರ್ಧ ಹೊಟ್ಟೇಲಿ ಇರೋ ತಲೆಯಿಂದ ಒಳ್ಳೆ ತೀರ್ಮಾನ ಬರಲ್ಲ, ಮತ್ತೆ ಅದನ್ನ ತಿದ್ದೋಕೆ ಪಕ್ಕದಲ್ಲಿ ಯಾರೂ ಇರಲ್ಲ. ಹಾಗಾಗಿ ಆ ದಿನದ ಮುಖ್ಯ ತೀರ್ಮಾನಗಳನ್ನ ಹಿಂದಿನ ರಾತ್ರಿ ಟೆಂಟಲ್ಲಿ, ಊಟ ಆದ್ಮೇಲೆ, ತಲೆ ತಣ್ಣಗಿರೋವಾಗ ಒಂದು ಚೀಟೀಲಿ ಬರ್ಕೊಂಡು ಜೇಬಲ್ಲಿ ಇಟ್ಕೊಳ್ಳಿ. ಮರುದಿನ ನಿಮ್ಮ ಕೆಲ್ಸ ಚೀಟಿ ಹೇಳಿದಂಗೆ ಕೇಳೋದು ಅಷ್ಟೇ. ಮನಸಲ್ಲಿ ಇಟ್ಕೊಂಡ್ರೆ ಸಾಲಲ್ಲ, ಮನಸಲ್ಲಿ ಇರೋದನ್ನ ಅಲ್ಲೇ ಮೇಲೆ ಕೂತು ತಿದ್ದಿಬಿಡ್ತೀವಿ.

ಚೀಟೀಲಿ ಏನು ಬರೀಬೇಕು ಅನ್ನೋದಕ್ಕೆ ಸ್ವಲ್ಪ ಲೆಕ್ಕ ಬೇಕು. ವಿಡೆಟ್ ಮೆಡೋ ಹತ್ತಿರತ್ತಿರ 2,900 ಮೀಟರ್ ಎತ್ತರದಲ್ಲಿದೆ, ಪಾಸ್ 4,009 ಮೀಟರ್, ಅಲ್ಲಿಯವರ ಲೆಕ್ಕದಲ್ಲಿ 13,153 ಅಡಿ. ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿವರೆಗೆ ಹೋಗೋ ಇಡೀ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನಲ್ಲೇ ಅತಿ ಎತ್ತರದ ಜಾಗ ಅದು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಕುಮಾರ ಪರ್ವತ 1,712 ಅಂತ ನೆನಪಿಟ್ಕೊಂಡ್ರೆ ಸಾಕು, ಎಲ್ಲಿಂದ ಎಲ್ಲಿಗೆ ಅಂತ ಗೊತ್ತಾಗತ್ತೆ. ವಿಡೆಟ್‌ನಿಂದ ಪಾಸ್‌ಗೆ ಸುಮಾರು 12 ಕಿಲೋಮೀಟರ್, ಏರೋದು 1,100 ಮೀಟರ್. ನೇಸ್ಮಿತ್ ಅಂತ ಸ್ಕಾಟ್ಲೆಂಡಿನವನೊಬ್ಬ 1892ರಲ್ಲಿ ಒಂದು ಲೆಕ್ಕ ಕೊಟ್ಟಿದಾನೆ, ಐದು ಕಿಲೋಮೀಟರ್‌ಗೆ ಒಂದು ಗಂಟೆ, ಏರೋ ಪ್ರತಿ 600 ಮೀಟರ್‌ಗೆ ಇನ್ನೊಂದು ಗಂಟೆ. ಆ ಲೆಕ್ಕದಲ್ಲಿ ನಾಕೂಕಾಲು ಗಂಟೆ ಬರತ್ತೆ. ಆದ್ರೆ ಅವನೇನು ನಾಕು ಸಾವಿರ ಮೀಟರಲ್ಲಿ ಹದಿನೈದು ಕೇಜಿ ಬ್ಯಾಗ್ ಹೊತ್ಕೊಂಡು ಲೆಕ್ಕ ಹಾಕಿದ್ದಲ್ಲ. ಪಾಸ್ ಮೇಲೆ ಗಾಳಿಯ ಒತ್ತಡ ಸಮುದ್ರ ಮಟ್ಟದ್ದರಲ್ಲಿ 62 ಪರ್ಸೆಂಟ್ ಅಷ್ಟೇ, ಪ್ರತಿ ಉಸಿರಲ್ಲಿ ಸಿಗೋ ಆಕ್ಸಿಜನ್ನೂ ಅಷ್ಟೇ. ನಾನು ಅರ್ಧದಷ್ಟು ಸೇರಿಸ್ತೀನಿ, ಅಂದ್ರೆ ಆರೂಕಾಲರಿಂದ ಆರೂವರೆ ಗಂಟೆ. ಬೆಳಿಗ್ಗೆ ಐದಕ್ಕೆ ಹೊರಟ್ರೆ ಹನ್ನೊಂದೂವರೆಗೆ ಪಾಸ್. ಜುಲೈ ಆಗಸ್ಟಲ್ಲಿ ಸಿಯೆರಾದಲ್ಲಿ ಗುಡುಗು ಮಳೆ ಬರೋದಿದ್ರೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರತ್ತೆ, ಅದಕ್ಕೇ ಹನ್ನೆರಡರ ಒಳಗೆ ಪಾಸ್ ದಾಟಿ ಆ ಕಡೆ ಇಳೀತಾ ಇರಬೇಕು ಅನ್ನೋದು.

ಅಂದ್ರೆ ಚೀಟಿಯ ಮೊದಲ್ನೇ ಸಾಲು: ಐದಕ್ಕೆ ಹೊರಡೋದು. ಆರಕ್ಕೆ ಮುಂಚೆ ಬೆಳಕಾಗತ್ತೆ, ಮೊದಲ ಒಂದರ್ಧ ಗಂಟೆ ಹೆಡ್‌ಲ್ಯಾಂಪಲ್ಲಿ ಬಬ್ಸ್ ಕ್ರೀಕ್ ಪಕ್ಕ ಕಾಡೊಳಗೆ ನಡೀತೀರಿ, ದಾರಿ ಸ್ಪಷ್ಟವಾಗಿದೆ. ಆ ಹೊತ್ತಲ್ಲಿ ಸ್ಟವ್ ಹಚ್ಚೋಕೆ ಹೋಗ್ಬೇಡಿ. ನಾನು ರಾತ್ರಿನೇ ಬಾಟಲಿಗೆ ಬರೀ ಬಿಸಿನೀರು ಹಾಕಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಕೊಂಡು ಮಲಗ್ತೀನಿ, ರಾತ್ರಿ ಕಾಲಿಗೆ ಬೆಚ್ಚಗೆ, ಬೆಳಿಗ್ಗೆ ಬೆಲ್ಲ, ಶುಂಠಿ ಪುಡಿ ಹಾಕಿದ್ರೆ ಕಷಾಯ. ಅದರ ಪಕ್ಕದಲ್ಲೇ ನೀರಿನ ಫಿಲ್ಟರ್ ಕೂಡ ಇರ್ಲಿ. ಇದನ್ನ ಎಷ್ಟು ಜನ ಮರೀತಾರೆ ಅಂದ್ರೆ! ಸಾಯರ್ ತರದ ಫಿಲ್ಟರ್ ಒಳಗೆ ಸಣ್ಣ ಸಣ್ಣ ಕೊಳವೆಗಳಿರತ್ತೆ, ಒಮ್ಮೆ ಬಳಸಿದ ಮೇಲೆ ಒಳಗೆ ಉಳಿದ ನೀರು ರಾತ್ರಿ ಗಡ್ಡೆ ಕಟ್ಟಿದ್ರೆ ಅವು ಒಡೆದುಹೋಗತ್ತೆ, ಹೊರಗಿಂದ ಏನೂ ಕಾಣಲ್ಲ, ನೀರೂ ಮಾಮೂಲಿಯಾಗೇ ಬರತ್ತೆ, ಹೊಟ್ಟೆ ಕೆಡಿಸೋ ಜಿಯಾರ್ಡಿಯಾ ಅನ್ನೋ ರೋಗಾಣುನೂ ಜೊತೆಗೆ ಬರತ್ತೆ. ಆ ಎತ್ತರದಲ್ಲಿ ಜುಲೈನಲ್ಲೂ ರಾತ್ರಿ ಸೊನ್ನೆ ಮುಟ್ಟೋದುಂಟು.

ಸುಮಾರು 3,350 ಮೀಟರ್ ಹತ್ರ ಮರಗಳು ಮುಗೀತಾವೆ. ಅಲ್ಲಿ ಒಂದಿಷ್ಟು ಒಳ್ಳೆ ಟೆಂಟ್ ಜಾಗಗಳಿದಾವೆ, ನೋಡ್ಕೊಂಡು ಹೋಗಿ, ವಾಪಸ್ ಬರೋ ಹಾಗಾದ್ರೆ ನಿಮ್ಮ ಮನೆ ಅದೇ. ಅಲ್ಲಿಂದ ಮುಂದೆ ಬರೀ ಕಲ್ಲು, ಹುಲ್ಲು, ಸಣ್ಣ ನೀರಿನ ಹರಿವು, ಎಡಕ್ಕೆ ಜಂಕ್ಷನ್ ಪೀಕ್ ಗೋಡೆ ತರ ನಿಂತಿರತ್ತೆ. ಇನ್ನೂ ಮೇಲೆ 3,730 ಮೀಟರ್ ಹತ್ರ ಒಂದು ಕೆರೆ, ಅದಕ್ಕೊಂದು ಹೆಸರೂ ಇಲ್ಲ, ಮ್ಯಾಪಲ್ಲಿ ಎತ್ತರದ ನಂಬರೇ ಹೆಸರು. ಚೀಟಿಯ ಎರಡನೇ ಸಾಲು ಈ ಕೆರೆ: ಹತ್ತು ಗಂಟೆಗೆ ಇಲ್ಲಿ ಇರಬೇಕು. ಹತ್ತೂವರೆ ಆದ್ರೂ ಇಲ್ಲಿಗೆ ಬರದೇ ಇದ್ರೆ, ಅಥವಾ ಹತ್ತಕ್ಕೇ ಬಂದ್ರೂ ಮೋಡ ಹೂಕೋಸು ತರ ಮೇಲೆ ಮೇಲೆ ಉಬ್ಬುತಾ ಇದ್ರೆ, ಮರಗಳು ಮುಗಿಯೋ ಆ ಜಾಗಕ್ಕೆ ವಾಪಸ್ಸು, ಅವತ್ತು ಅಲ್ಲೇ ಟೆಂಟು, ನಾಳೆ ನಾಕೂವರೆಗೆ ಹೊರಡೋದು. ಅದಕ್ಕೇ ನಿಮ್ಮ ಐದು ದಿನದ ಪ್ಲಾನಿಗೆ ಒಂದು ದಿನದ ಊಟ ಜಾಸ್ತಿ ಇರ್ಲಿ, ಆಫೀಸಿಗೂ ಒಂದು ದಿನ ಜಾಸ್ತಿ ರಜ ಹಾಕಿರಿ. ಸೋಮವಾರ ಬೆಳಿಗ್ಗೆ ಮೀಟಿಂಗ್ ಇದೆ ಅಂತ ಕೆಟ್ಟ ಮೋಡದ ಕೆಳಗೆ ಪಾಸ್ ಹತ್ತಿದವರನ್ನ ನಾನು ಕಣ್ಣಾರೆ ನೋಡಿದೀನಿ.

ತಲೆನೋವಿನ ವಿಷ್ಯ. ಎತ್ತರಕ್ಕೆ ಒಂದಿಷ್ಟು ತಲೆ ಭಾರ ಆಗೋದು ಮಾಮೂಲು, ನೀರು ಕುಡಿದು ಹತ್ತು ನಿಮಿಷ ಕೂತ್ರೆ ಇಳಿಯತ್ತೆ. ತಲೆನೋವಿನ ಜೊತೆ ವಾಂತಿ ಬಂದ್ರೆ, ನೆಟ್ಟಗೆ ನಡಿಯೋಕಾಗದೆ ಜೋಲಿ ಹೊಡೆದ್ರೆ, ಕೂತ್ರೂ ಉಸಿರು ಹಿಡೀತಿದ್ರೆ ಅದು ಬೇರೆ, ಆಗ ಯೋಚ್ನೆನೇ ಇಲ್ಲ, ಇಳೀಬೇಕು. ಗುಂಪಲ್ಲಿದ್ರೆ ನಿಮ್ಮ ನಡಿಗೆ ಓಲಾಡ್ತಿದೆ ಅಂತ ಹಿಂದಿನವರು ಹೇಳ್ತಾರೆ, ಒಬ್ರೇ ಇದ್ರೆ ನೀವೇ ನೋಡ್ಕೋಬೇಕು. ನಾನು ಗಂಟೆಗೊಂದು ಸಲ ನಿಂತು ಒಂದು ಸಣ್ಣ ಪರೀಕ್ಷೆ ಮಾಡ್ಕೊತೀನಿ, ನೂರರಿಂದ ಏಳೇಳು ಕಳೀತಾ ಹೋಗೋದು, ಆಮೇಲೆ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಹತ್ತು ಹೆಜ್ಜೆ ಗೆರೆ ಮೇಲೆ ನಡೆದ ಹಾಗೆ ನಡಿಯೋದು. ಎದುರಿಗೆ ಬಂದವರು ಹುಚ್ಚ ಅನ್ಕೊಂಡ್ರೆ ಅನ್ಕೊಳ್ಳಲಿ. ಮತ್ತೆ ಇದೆಲ್ಲ ಬರದೇ ಇರಬೇಕು ಅಂದ್ರೆ ಶುರು ಸರಿಯಿರಬೇಕು, ಸ್ಯಾನ್ ಹೊಸೆಯಿಂದ ಬೆಳಿಗ್ಗೆ ಕಾರು ಬಿಟ್ಕೊಂಡು ಬಂದು ಮಧ್ಯಾಹ್ನನೇ ಕಿಯರ್‌ಸಾರ್ಜ್ ಪಾಸ್ ಹತ್ತೋಕೆ ಹೋಗ್ಬೇಡಿ, ಅದೇ 3,584 ಮೀಟರ್ ಇದೆ. ಆನಿಯನ್ ವ್ಯಾಲಿ ಕ್ಯಾಂಪ್‌ಗ್ರೌಂಡ್ 2,800 ಮೀಟರಲ್ಲಿದೆ, ಅಲ್ಲಿ ಒಂದು ರಾತ್ರಿ ಮಲಗಿ, ಎರಡು ರಾತ್ರಿ ಆದ್ರೆ ಇನ್ನೂ ಒಳ್ಳೇದು. ಎತ್ತರದ ತೊಂದರೆ ತಡೆಯೋಕೆ ಕೊಡೋ ಡಯಮಾಕ್ಸ್ ಮಾತ್ರೆ ಬೇಕಾ ಅನ್ನೋದನ್ನ ನಿಮ್ಮ ಡಾಕ್ಟರನ್ನ ಕೇಳಿ, ಫ್ರೆಂಡ್ಸ್ ಹತ್ರ ಇರೋ ಮಾತ್ರೆ ತಗೋಬೇಡಿ.

ಕೆರೆಯಿಂದ ಪಾಸ್‌ವರೆಗೆ ಕಷ್ಟ ಇದೆ, ಹೇಳೋಕೆ ಜಾಸ್ತಿ ಏನಿಲ್ಲ. ಇಪ್ಪತ್ತು ಹೆಜ್ಜೆ ನಡಿ, ಐದು ಉಸಿರು ನಿಲ್ಲು, ಮತ್ತೆ ಇಪ್ಪತ್ತು ಹೆಜ್ಜೆ. ಉತ್ತರಕ್ಕೆ ಮುಖ ಮಾಡಿರೋ ಇಳಿಜಾರು ಆದ್ದರಿಂದ ಹಿಮ ಈ ಕಡೆನೇ ಜಾಸ್ತಿ ದಿನ ಉಳಿಯತ್ತೆ. ಸಾಧಾರಣ ವರ್ಷ ಆದ್ರೆ ಜುಲೈ ಕೊನೇಲಿ ಅಲ್ಲೊಂದು ಇಲ್ಲೊಂದು ತೇಪೆ ಇರತ್ತೆ, 2017, 2023ರ ತರ ವಿಪರೀತ ಹಿಮ ಬಿದ್ದ ವರ್ಷ ಆದ್ರೆ ಕಥೆನೇ ಬೇರೆ.

ಮೇಲೆ ಹೋಗಿ ನಿಂತಾಗ ಅದು ಅಷ್ಟು ಕಿರಿದಾಗಿರತ್ತೆ ಅಂತ ಯಾರೂ ಅಂದ್ಕೊಂಡಿರಲ್ಲ. ಗೋಡೆಯ ಮೇಲಿನ ಒಂದು ಸೀಳು ಅಷ್ಟೇ. ಈ ಕಡೆ ಕಿಂಗ್ಸ್ ಕ್ಯಾನಿಯನ್ ನ್ಯಾಷನಲ್ ಪಾರ್ಕು, ಆ ಕಡೆ ಸಿಕ್ವೋಯ ನ್ಯಾಷನಲ್ ಪಾರ್ಕು, ಬೋರ್ಡ್ ಇದೆ, ಫೋಟೋ ತೆಗೀರಿ. ಮಾರ್ಮಟ್ ಅಂತ ಬೆಕ್ಕಿಗಿಂತ ದಪ್ಪನೆಯ ಅಳಿಲಿನ ಜಾತಿಯ ಪ್ರಾಣಿ ಬಂದು ಬ್ಯಾಗಿನ ಪಟ್ಟಿ ಕಡಿಯತ್ತೆ, ನಮ್ಮ ಬೆವರಿನ ಉಪ್ಪಿಗೆ, ಬ್ಯಾಗನ್ನ ಕೈಗೆಟಕೋ ದೂರದಲ್ಲೇ ಇಟ್ಕೊಳ್ಳಿ. ಹದಿನೈದು ನಿಮಿಷ ಸಾಕು. ಅಲ್ಲಿ ಖುಷಿ ಆಗತ್ತೆ ನೋಡಿ, ಮುಗೀತು ಅನ್ನಿಸತ್ತೆ, ಫೋನ್ ತೆಗೆದು ಮನೆಗೆ ಹೇಳೋಣ ಅಂದ್ರೆ ಸಿಗ್ನಲ್ ಇರಲ್ಲ. ಆದ್ರೆ ದಿನ ಮುಗಿದಿಲ್ಲ, ನನ್ನ ಪ್ರಕಾರ ಶುರುವಾಗೋದೇ ಅಲ್ಲಿಂದ.

ದಕ್ಷಿಣದ ಕಡೆ ಗೋಡೆ ನೆಟ್ಟಗಿದೆ, ಅದರಲ್ಲಿ ಕಲ್ಲು ಕೊರೆದು ಹಾವಿನ ತರ ದಾರಿ ಮಾಡಿದಾರೆ, 1930ರ ಸುಮಾರಿಗೆ ಆದ ಕೆಲ್ಸ ಅದು. ಹಾಗೆ ದಾರಿ ಮಾಡೋವಾಗ 1930ರಲ್ಲಿ ಬಂಡೆ ಬಿದ್ದು ಗಾಯವಾಗಿ ಸತ್ತ 18 ವರ್ಷದ ಹುಡುಗನ ನೆನಪಿಗೆ ಅಲ್ಲೊಂದು ಫಲಕ ಹಾಕಿದಾರೆ. ನಾನು ಪ್ರತಿ ಸಲ ಅಲ್ಲಿ ಒಂದು ನಿಮಿಷ ನಿಲ್ತೀನಿ. ದಾರಿ ಅಗಲ ಇದೆ, ಕಾಲಿಗೆ ಚೆನ್ನಾಗಿದೆ, ಎತ್ತರ ಕಂಡ್ರೆ ತಲೆ ತಿರುಗೋವ್ರು ಗೋಡೆ ಕಡೆ ನೋಡ್ಕೊಂಡು ಇಳಿದ್ರಾಯ್ತು. ಒಂದೇ ಜಾಗದಲ್ಲಿ ಜಾಗ್ರತೆ, ದಾರಿ ಒಂದು ಕಡಿದಾದ ಕೊರಕಲನ್ನ ಅಡ್ಡ ದಾಟತ್ತೆ, ಕೆಲವೇ ಹೆಜ್ಜೆ ಅಗಲ, ಅದರಲ್ಲಿ ಹಿಮ ಉಳಿದಿದ್ರೆ ಜಾರಿದ್ರೆ ತುಂಬಾ ಕೆಳಗೆ ಹೋಗ್ತೀವಿ. ಚೀಟಿಯ ಮೂರನೇ ಸಾಲು ಇದಕ್ಕೆ: ಹಿಮ ಇದ್ದು, ಹೆಜ್ಜೆ ಗುರುತು ಆಳವಾಗಿ ಮೂಡಿರದೆ ಗಾಜಿನ ತರ ಹೊಳೀತಿದ್ರೆ, ಒಬ್ಳೇ ದಾಟಲ್ಲ. ಬಿಸಿಲು ಬಿದ್ದು ಮೆತ್ತಗಾಗೋವರೆಗೆ ಕಾಯೋದು, ಇಲ್ಲಾ ಇನ್ಯಾರಾದ್ರೂ ಬರೋವರೆಗೆ ಕಾಯೋದು. ಬರ್ತಾರೆ. ಜುಲೈ ಕೊನೇಲಿ ಆ ದಾರಿ ದೂರದ್ದೇ ಹೊರತು ಖಾಲಿ ಅಲ್ಲ, ಯೊಸಿಮಿಟಿಯಿಂದ ಪೂರ್ತಿ 340 ಕಿಲೋಮೀಟರ್ ನಡೆದು ಬರ್ತಿರೋರು ನಿಮ್ಮ ದಿಕ್ಕಲ್ಲೇ ಇರ್ತಾರೆ, ದಿನಕ್ಕೆ ಹತ್ತಿಪ್ಪತ್ತು ಜನ ಆದ್ರೂ ನನಗೆ ಸಿಕ್ಕಿದಾರೆ. ಕೇಳೋಕೆ ಸಂಕೋಚ ಬೇಡ, ‘ಸ್ವಲ್ಪ ಈ ಕಡೆ ನೋಡ್ತಾ ನಿಲ್ತೀರಾ, ನಾನು ದಾಟ್ತೀನಿ’ ಅಂದ್ರೆ ಯಾರೂ ಇಲ್ಲ ಅನ್ನಲ್ಲ.

ಪಾಸ್ ದಾಟಿದ ಮೇಲೆ ಮೋಡ ಗುಡುಗಿದ್ರೆ ವಾಪಸ್ ಮೇಲೆ ಹತ್ತಬಾರದು, ನಿಲ್ಲಲೂಬಾರದು, ಇಳೀತಾನೇ ಇರಬೇಕು. ಮಿಂಚು ಕಂಡ ಮೇಲೆ ಗುಡುಗು ಕೇಳೋವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಕೆಳಗೆ ಬಂದ್ಮೇಲೂ ನಾಕೈದು ಕಿಲೋಮೀಟರ್ ಒಂದು ಗಿಡವೂ ಇಲ್ಲದ ಬಯಲು, ಅದರಲ್ಲಿ ಅತಿ ಎತ್ತರದ ವಸ್ತು ನೀವೇ. ಆ ಬಯಲು ಮಾತ್ರ, ಆಹಾ, ಬಿಸಿಲಿದ್ದ ದಿನ ಅದರ ತರದ್ದು ಇನ್ನೊಂದಿಲ್ಲ, ಹಿಂದೆ ತಿರುಗಿ ನೋಡಿದ್ರೆ ಇಳಿದು ಬಂದ ಗೋಡೇಲಿ ದಾರಿ ಎಲ್ಲಿತ್ತು ಅಂತಾನೇ ಕಾಣಲ್ಲ. ಬಿಸಿಲು ಚುರುಗುಟ್ಟತ್ತೆ, ಪೂರ್ತಿ ತೋಳಿನ ಅಂಗಿ, ಕುತ್ತಿಗೆ ಮುಚ್ಚೋ ಟೋಪಿ ಹಾಕ್ಕೊಳ್ಳಿ, ಸನ್‌ಸ್ಕ್ರೀನ್ ಮೂಗಿನ ಕೆಳಭಾಗಕ್ಕೂ ಹಚ್ಚಿ, ಬಿಳೀ ಕಲ್ಲಿಂದ ಬಿಸಿಲು ಕೆಳಗಿಂದಲೂ ಹೊಡಿಯತ್ತೆ.

ಪಾಸ್‌ನಿಂದ ಎಂಟು ಕಿಲೋಮೀಟರ್ ಆದ್ಮೇಲೆ ಟಿಂಡಲ್ ಕ್ರೀಕ್. ನೀವು ತಪ್ಪು ಮಾಡೋ ಚಾನ್ಸ್ ಎಲ್ಲಿ ಜಾಸ್ತಿ ಅಂತ ಕೇಳಿದ್ರಲ್ಲ, ಇಲ್ಲಿ. ಪಾಸ್ ಅಲ್ಲ, ಈ ಹೊಳೆ. ಯಾಕಂದ್ರೆ ಹಿಮ ಕರಗಿ ಬರೋ ಹೊಳೆ ಬೆಳಗಿನ ಜಾವ ಅತಿ ಕಮ್ಮಿ, ದಿನದ ಬಿಸಿಲಿಗೆ ಕರಗಿದ್ದೆಲ್ಲ ಸಂಜೆ ಹೊತ್ತಿಗೆ ಬಂದು ತುಂಬ್ಕೊಳ್ಳತ್ತೆ, ನೀವು ಸುಸ್ತಾಗಿ ಅಲ್ಲಿಗೆ ಮುಟ್ಟೋದೂ ಮೂರು ನಾಕು ಗಂಟೆಗೇ. ಟೆಂಟ್ ಜಾಗ ಆಚೆ ದಡದಲ್ಲಿ ಕಾಣ್ತಿರತ್ತೆ, ಹೊಳೆ ಹತ್ತು ಹೆಜ್ಜೆ ಅಗಲ ಇರತ್ತೆ, ಮನಸ್ಸು ದಾಟು ಅನ್ನತ್ತೆ. 2017ರಲ್ಲಿ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ನಡೀತಿದ್ದ ಇಬ್ಬರು ಸಿಯೆರಾದ ಬೇರೆ ಬೇರೆ ಹೊಳೆಗಳಲ್ಲಿ ತೀರ್ಕೊಂಡ್ರು, ಶಿಖರದಿಂದ ಬಿದ್ದಲ್ಲ. ಜುಲೈ ಕೊನೆಗೆ ಸಾಧಾರಣ ವರ್ಷದಲ್ಲಿ ನೀರು ಮೊಣಕಾಲಿಗಿಂತ ಕಮ್ಮಿ ಇರತ್ತೆ, ಆರಾಮಾಗಿ ದಾಟ್ತೀರಿ. ಆದ್ರೂ ಚೀಟಿಯ ನಾಕನೇ ಸಾಲು ಬರ್ಕೊಳ್ಳಿ: ನೀರು ಮೊಣಕಾಲಿಗಿಂತ ಮೇಲಿದ್ರೆ, ಅಥವಾ ತಳದಲ್ಲಿ ಕಲ್ಲು ಉರುಳೋ ಸದ್ದು ಕೇಳ್ತಿದ್ರೆ ಈಚೆ ದಡದಲ್ಲೇ ಟೆಂಟು, ಬೆಳಿಗ್ಗೆ ಆರಕ್ಕೆ ದಾಟೋದು. ದಾಟೋವಾಗ ಬ್ಯಾಗಿನ ಸೊಂಟದ ಬಕಲ್, ಎದೆ ಬಕಲ್ ಎರಡೂ ಬಿಚ್ಚಿ, ಬಿದ್ರೆ ಬ್ಯಾಗ್ ಕಳಚ್ಕೋಬೇಕು. ಶೂ ಹಾಕ್ಕೊಂಡೇ ದಾಟಿ, ನೀರು ಬರೋ ಕಡೆ ಮುಖ ಮಾಡಿ, ಪೋಲ್ ಊರಿ ಏಡಿ ತರ ಅಡ್ಡಡ್ಡ ಹೆಜ್ಜೆ. ಬರಿಗಾಲಲ್ಲಿ ದಾಟೋದು ನಮ್ಮೂರ ಹಳ್ಳಕ್ಕೆ ಸರಿ, ಇಲ್ಲಿ ಎರಡು ನಿಮಿಷಕ್ಕೆ ಕಾಲಿಗೆ ಸ್ಪರ್ಶನೇ ಇರಲ್ಲ.

ಊಟ. ನಮ್ಮೋರು ಮಾಡೋ ತಪ್ಪು ಅಕ್ಕಿ ಬೇಳೆ ತಗೊಂಡು ಹೋಗೋದು. 3,300 ಮೀಟರ್ ಎತ್ತರದಲ್ಲಿ ನೀರು 89 ಡಿಗ್ರಿಗೇ ಕುದಿಯತ್ತೆ, ಬೇಳೆ ಬೇಯೋಕೆ ನಿಮ್ಮ ಗ್ಯಾಸ್ ಡಬ್ಬಿ ಪೂರ್ತಿ ಖಾಲಿಯಾದ್ರೂ ಕಚ್ಚಿದ್ರೆ ಕಟುಂ ಅನ್ನತ್ತೆ. ಅವಲಕ್ಕಿಗಿಂತ ಒಳ್ಳೆ ಟ್ರೇಲ್ ಊಟ ಯಾರೂ ಕಂಡುಹಿಡಿದಿಲ್ಲ, ಇಲ್ಲಿಯವರಿಗೆ ಗೊತ್ತಿಲ್ಲ ಅಷ್ಟೇ. ಮನೇಲೇ ಗೊಜ್ಜವಲಕ್ಕಿಗೆ ಅವಲಕ್ಕಿ ತರಿತರಿ ಪುಡಿ ಮಾಡಿ, ಸಾರಿನ ಪುಡಿ, ಬೆಲ್ಲ, ಉಪ್ಪು, ಒಣಕೊಬ್ಬರಿ ಕಲಸಿ, ಹುಣಸೆ ಪುಡಿ ಹಾಕಿ ಒಂದೊಂದು ಊಟಕ್ಕೆ ಒಂದೊಂದು ಜಿಪ್‌ಲಾಕ್. ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ರೆ ಆಯ್ತು, ಗ್ಯಾಸ್ ಮುಗಿದುಹೋದ್ರೆ ತಣ್ಣೀರಲ್ಲೂ ನೆನೆಯತ್ತೆ. ದಾರಿಗೆ ಕಡಲೆ ಮಿಠಾಯಿ, ಗಂಟೆಗೊಂದು, ಹಸಿವು ಇದ್ರೂ ಇಲ್ದಿದ್ರೂ, ಯಾಕಂದ್ರೆ ಎತ್ತರದಲ್ಲಿ ಹಸಿವೇ ಸತ್ತುಹೋಗತ್ತೆ. ಟಿಂಡಲ್ ಕ್ರೀಕ್ ಪಕ್ಕ ಕೂತು ಅವಲಕ್ಕಿಗೆ ಚಟ್ನಿಪುಡಿ ಉದುರಿಸ್ಕೊಂಡು ತಿನ್ನೋವಾಗ ಪಕ್ಕದ ಟೆಂಟಿನವರು ಪ್ಯಾಕೆಟ್ ಪಾಸ್ತಾ ಬಿಟ್ಟು ನಿಮ್ಮನ್ನೇ ನೋಡ್ತಿರ್ತಾರೆ. ಊಟದ್ದೆಲ್ಲ, ಚಟ್ನಿಪುಡಿ, ಟೂತ್‌ಪೇಸ್ಟ್, ಲಿಪ್ ಬಾಮ್ ಸಮೇತ, ರಾತ್ರಿ ಬೇರ್ ಕ್ಯಾನಿಸ್ಟರ್, ಅಂದ್ರೆ ಕರಡಿಗೆ ತೆಗೆಯೋಕಾಗದ ಗಟ್ಟಿ ಡಬ್ಬಿ ಒಳಗೇ ಹೋಗ್ಬೇಕು, ಅಲ್ಲಿ ಅದು ಕಡ್ಡಾಯ. ಕರಡಿಗೆ ಬೇಕಾಗಿರೋದು ಊಟ, ನೀವಲ್ಲ. ಕ್ಯಾಲಿಫೋರ್ನಿಯಾ ಧ್ವಜದ ಮೇಲಿರೋ ಗ್ರಿಜ್ಲಿ 1920ರ ದಶಕದಲ್ಲೇ ಇಲ್ಲಿಂದ ಮಾಯವಾಯ್ತು, ಈಗ ಇರೋದು ಬರೀ ಬ್ಲ್ಯಾಕ್ ಬೇರ್, ಪಾತ್ರೆ ಬಡಿದು ಕೂಗಿದ್ರೆ ಓಡತ್ತೆ.

ಇನ್ನು ಅತ್ತೆಯವರು. ಅವರ ಪ್ರಶ್ನೆ ತಪ್ಪಲ್ಲ, ‘ಏನಾಗಲ್ಲ ಅತ್ತೆ’ ಅಂದ್ರೆ ಯಾರಿಗೂ ಸಮಾಧಾನ ಆಗಲ್ಲ, ಅದು ಉತ್ತರನೇ ಅಲ್ಲ. ಒಂದು ಹಾಳೇಲಿ ಯಾವ ರಾತ್ರಿ ಎಲ್ಲಿ ಮಲಗ್ತೀರಿ, ಕಾರು ಎಲ್ಲಿ ನಿಲ್ಸಿದೀರಿ, ಕಾರ್ ನಂಬರ್, ಟೆಂಟಿನ ಬಣ್ಣ, ಪರ್ಮಿಟ್ ನಂಬರ್, ಪಾರ್ಕಿನ ಎಮರ್ಜೆನ್ಸಿ ಫೋನ್ ಬರೆದು ಫ್ರಿಜ್ ಮೇಲೆ ಅಂಟಿಸಿ. ಇನ್‌ರೀಚ್ ತರದ ಸ್ಯಾಟಲೈಟ್ ಮೆಸೆಂಜರ್ ಬಾಡಿಗೆಗಾದ್ರೂ ತಗೊಳ್ಳಿ, ರಾತ್ರಿ ಏಳಕ್ಕೆ ಒಂದು ಮೆಸೇಜ್. ಆದ್ರೆ ಇದರ ಜೊತೆ ಇನ್ನೊಂದು ಮಾತು ಮೊದಲೇ ಆಡ್ಕೊಂಡಿರಬೇಕು, ಇದನ್ನ ಮಾಡದೆ ನಾನೇ ಒದ್ದಾಡಿದೀನಿ: ಒಂದು ರಾತ್ರಿ ಮೆಸೇಜ್ ಬರಲಿಲ್ಲ ಅಂದ್ರೆ ಗಾಬರಿ ಬೇಡ, ಬ್ಯಾಟರಿ ಹೋಗಿರಬಹುದು, ಕಣಿವೇಲಿ ಸಿಗ್ನಲ್ ಸಿಗದೇ ಇರಬಹುದು. ಎಷ್ಟು ಗಂಟೆ ಸುಮ್ಮನಿದ್ರೆ ಫೋನ್ ಮಾಡಬೇಕು ಅನ್ನೋದನ್ನ ನಿಮ್ಮನೆಯವರು, ಅತ್ತೆ, ನೀವು ಮೂರೂ ಜನ ಕೂತು ಗೊತ್ತು ಮಾಡಿ, ನಮ್ಮನೇಲಿ ಅದು 24 ಗಂಟೆ. ನನ್ನ ಒಂದು ಟ್ರಿಪ್ಪಲ್ಲಿ ಮೆಸೇಜ್ ಮೂರು ಗಂಟೆ ಲೇಟಾಗಿದ್ದಕ್ಕೆ ನನ್ನ ಹೆಂಡ್ತಿ ಶಿವಮೊಗ್ಗಕ್ಕೆ ಫೋನ್ ಮಾಡಿ, ಅಲ್ಲಿಂದ ನಮ್ಮಮ್ಮ ಸಿಗಂದೂರಿಗೆ ಹರಕೆ ಹೊತ್ತು, ಊರಿಗೆ ಹೋದಾಗ ತೀರಿಸಿ ಬಂದಿದೀವಿ. ಆ ನಾಕು ಸಾಲಿನ ಚೀಟಿಯ ಒಂದು ಕಾಪಿನೂ ಅತ್ತೆಗೆ ತೋರಿಸಿ, ಸೊಸೆ ಎಲ್ಲಿ ವಾಪಸ್ ಬರ್ತಾಳೆ ಅನ್ನೋದು ಗೊತ್ತಾದ್ರೆ ಅವರಿಗೂ ಸ್ವಲ್ಪ ನಿದ್ದೆ ಬರಬಹುದು.

ಹೊರಡೋಕೆ ಒಂದು ವಾರ ಮುಂಚೆ, ಪಾಸ್‌ನ ಉತ್ತರದ ಇಳಿಜಾರಲ್ಲೂ ಆ ಕೊರಕಲಲ್ಲೂ ಎಷ್ಟು ಹಿಮ ಇದೆ ಅಂತ ಆಗಷ್ಟೇ ದಾಟಿ ಬಂದವರ ರಿಪೋರ್ಟ್, ರೇಂಜರ್ ಆಫೀಸಿನ ಮಾಹಿತಿ ಎರಡೂ ನೋಡ್ಕೊಂಡು ಇನ್ನೊಂದ್ಸಲ ಬರೀರಿ. ಹಿಮದಲ್ಲಿ ಜಾರದ ಹಾಗೆ ಶೂಗೆ ಹಾಕೋ ಮೈಕ್ರೋಸ್ಪೈಕ್ ಹೊರೋದು ಬೇಕಾ ಬೇಡ್ವಾ ಅಂತ ಆಗ ಹೇಳ್ತೀನಿ, ಈಗಲೇ ದುಡ್ಡು ಹಾಕ್ಬೇಡಿ.